ಮಗಳ ಮನೆಯ ಕಾರ್ ಶೆಡ್ಡು

ಮುಐದರ್, ದೋಹಾ
೮ ಫೆಬ್ರವರಿ ೨೦೨೫

ಪ್ರೀತಿಯ ಮೊಯ್ದಿನ್ ಭಾಯಿಗೆ,

ಶಿವಪ್ಪನ ಶರಣು, ಸಲಾಮು ಎರಡೂ. ನಿಮ್ಮ ಕಾಗದ ಸೆಪ್ಟೆಂಬರಿನಲ್ಲೇ ಕೈಸೇರಿತ್ತು. ಉತ್ತರ ಬರೆಯಲು ಐದು ತಿಂಗಳು ಹಿಡಿಯಿತು, ಬೈದುಕೊಳ್ಳಿ. ಫೋನ್ ಮಾಡೋಣವೆಂದರೆ ನಿಮಗೆ ಕಿವಿ ಕೇಳುವುದಿಲ್ಲ, ನಾನು ಕೂಗಿ ಹೇಳಿದರೆ ನನ್ನ ಹೆಂಡತಿಗೆ ಎಲ್ಲವೂ ಕೇಳುತ್ತದೆ. ನಮ್ಮದು ಒಂದೇ ಕೋಣೆಯ ಸಂಸಾರ. ನಿಮ್ಮ ತಂಗಿಯ ಮಗ ಅನ್ಸಾಫ್ ಗುರುವಾರ ಮಂಗಳೂರಿಗೆ ಹೊರಟಿದ್ದಾನೆಂದು ತಿಳಿಯಿತು, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಜೊತೆಗೆ ನಿಮ್ಮ ಮನೆಯವರು ಸುಬೈದಾ ಅವರಿಗೆಂದು ಎರಡು ಡಬ್ಬಿ ಖರ್ಜೂರ ಇದೆ. ಒಂದೇ ಡಬ್ಬಿ ಬಂದರೆ ಅನ್ಸಾಫನನ್ನು ವಿಚಾರಿಸಿ.

ನಿಮ್ಮ ಮಂಡಿ ನೋವು ಹೇಗಿದೆ? ಮೊಮ್ಮಗಳು ನಹ್ಲಾ ಶಾಲೆಗೆ ಹೋಗುವಾಗ ಈಗಲೂ ಅಳುತ್ತಾಳೆಯೇ? ಅಲ್ ಖೋರ್ ಕ್ಯಾಂಪಿನ ಆ ರೂಮಿನಲ್ಲಿ ನಿಮ್ಮ ಮೀನಿನ ವಾಸನೆಯನ್ನು ಇಪ್ಪತ್ತೆರಡು ವರ್ಷ ಸಹಿಸಿದವನು ನಾನು, ನನ್ನ ಬೆಳ್ಳುಳ್ಳಿ ಖಾರದ ಘಾಟನ್ನು ಸಹಿಸಿದವರು ನೀವು. ಇಬ್ಬರ ಮನೆಯವರಿಗಿಂತ ನಮಗೆ ನಾವೇ ಹೆಚ್ಚು ಗೊತ್ತು. ಅದಕ್ಕೇ ಇದನ್ನೆಲ್ಲ ನಿಮಗೇ ಬರೆಯುತ್ತಿದ್ದೇನೆ.

"ನಿಮ್ಮ ಅರಮನೆ ಎಲ್ಲಿಗೆ ಬಂತು ಮಾರಾಯ್ರೆ?" ಎಂದು ಕೇಳಿದ್ದಿರಲ್ಲ, ಅರಮನೆ ಬಂತು, ಹೋಯಿತು. ಮೊದಲಿನಿಂದ ಹೇಳುತ್ತೇನೆ.

ಆಗಸ್ಟಿನಲ್ಲಿ ಕಂಪನಿಯವರು ನನಗೆ ಒಂದು ಗೋಡೆ ಗಡಿಯಾರ ಕೊಟ್ಟು, ಫೋಟೋ ಹಿಡಿದು, ಗೇಟಿನ ಹೊರಗೆ ಬಿಟ್ಟರು. ಮೂವತ್ತೊಂದು ವರ್ಷ ಗ್ಯಾಸ್ ಪ್ಲಾಂಟಿನ ಪೈಪುಗಳಿಗೆ ಇನ್ಸುಲೇಷನ್ ಸುತ್ತಿದವನು ನಾನು, ಇನ್ನು ಗಡಿಯಾರ ನೋಡಿ ಏನು ಮಾಡಲಿ? ಅಷ್ಟರಲ್ಲಿ ನನ್ನ ಹೆಂಡತಿ ಶಿವಗಂಗವ್ವನನ್ನು ಮಗಳು ಸೀಮಾ ಇಲ್ಲಿಗೆ ಕರೆಸಿಕೊಂಡಿದ್ದಳು. ಗಂಗವ್ವನ ಎಡಗೈಯ ನಡುಕ ಈಗ ಕಾಲಿಗೂ ಇಳಿದಿದೆ. ಒಲೆಯ ಮೇಲೆ ಹಾಲಿಟ್ಟದ್ದನ್ನೇ ಮರೆಯುತ್ತಾಳೆ. ಒಬ್ಬರನ್ನೇ ಬಿಡಬೇಡಿ, ಮಗಳು ಹತ್ತಿರವಿದ್ದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದರು. ಊರಿಗೆ ಹೋಗೋಣವೆಂದರೆ ಬಾಗಲಕೋಟೆಯ ನಮ್ಮ ಮನೆ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಯಿತು, ಬದಲಿಗೆ ಸಿಕ್ಕ ಸೈಟನ್ನು ಸೀಮಾಳ ಎಂಜಿನಿಯರಿಂಗ್ ಓದಿಗೆಂದು ಮಾರಿದೆ. ಮದುವೆಯಾದಾಗಿನಿಂದ ನಾನಿಲ್ಲಿ, ಅವಳಲ್ಲಿ. ಈ ಜನ್ಮದಲ್ಲಿ ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳಿದವಳಲ್ಲ. "ಇನ್ನ ಎಷ್ಟ ದಿನಾ ಇರ್ತೀನೋ, ಸೀಮಾನ ಬಾಜೂಕ ಇರೂಣ್ರಿ" ಎಂದು ಅದೊಂದನ್ನೇ ಕೇಳಿದಳು.

ಸೀಮಾ, ಅಳಿಯ ಶಿವಕುಮಾರ ಇರುವುದು ಮುಐದರಿನ ಒಂದು ಹಳೆಯ ವಿಲ್ಲಾದಲ್ಲಿ. ಅವಳು ಲುಸೈಲ್‌ನಲ್ಲಿ ಕಟ್ಟಡದ ಕಂಪನಿಯೊಂದರಲ್ಲಿ ಎಂಜಿನಿಯರ್. ಮೊದಲ ದಿನವೇ, "ಅಪ್ಪಾ, ಮ್ಯಾಲಿನ ಖೋಲಿ ಖಾಲಿ ಅದ. ಅವ್ವನ್ನ ಕರಕೊಂಡು ಅಲ್ಲೇ ಇರ್ರಿ" ಎಂದಳು. ಅಳಿಯನೂ "ಹೌದ್ರೀ ಮಾವಾರ" ಎಂದ. ನಾನು ಒಪ್ಪಲಿಲ್ಲ. ನಿಮಗೆ ಇದು ವಿಚಿತ್ರವೆನಿಸಬಹುದು. ನಿಮ್ಮ ಫಾಹಿಮಾಳ ಗಂಡ ಅಝರ್ ನಿಮ್ಮ ಮನೆಗೇ ಬಂದು ಇದ್ದಾನೆ, ಅಳಿಯನ ತಟ್ಟೆಗೆ ನೀವೇ ಬಡಿಸುತ್ತೀರಿ. ನಮ್ಮಲ್ಲಿ ಹಾಗಲ್ಲ. ಕೊಟ್ಟ ಮಗಳ ಮನೆಯಲ್ಲಿ ತಂದೆತಾಯಿ ತುತ್ತು ಅನ್ನ ಉಣ್ಣುವಂತಿಲ್ಲ. ನನ್ನ ಅಪ್ಪ ನನ್ನ ಅಕ್ಕನ ಊರಿಗೆ ಹೋದಾಗ ಬುತ್ತಿ ಕಟ್ಟಿಕೊಂಡು ಹೋಗಿ, ಬಾವಿಕಟ್ಟೆಯ ಮೇಲೆ ಕೂತು ಉಂಡು ಬರುತ್ತಿದ್ದ. ಅಂಥವನ ಮಗ ನಾನು ಅಳಿಯನ ಮನೆಯ ಮಹಡಿಯಲ್ಲಿ ಮಂಚ ಹಾಕಿಕೊಂಡು ಕೂರುವುದೇ?

ಆ ವಿಲ್ಲಾಕ್ಕೆ ಅಂಟಿಕೊಂಡಂತೆ ಒಂದು ಕಾರ್ ಶೆಡ್ಡಿತ್ತು. ಅಳಿಯ ಕಾರನ್ನು ರಸ್ತೆಯಲ್ಲೇ ನಿಲ್ಲಿಸುತ್ತಿದ್ದ, ಒಳಗೆ ಮುರಿದ ಸೋಫಾ, ಖಾಲಿ ಡ್ರಮ್ಮು. ನೋಡಿದ ಕೂಡಲೇ ನನಗೆ ದಾರಿ ಹೊಳೆಯಿತು. ಮನೆಯ ಮಾಲೀಕ ಮುದುಕ, ಒಳ್ಳೆಯ ಮನುಷ್ಯ. ಇದಕ್ಕೆ ಬೇರೆ ಬಾಡಿಗೆ ನಾನೇ ನಿಮ್ಮ ಕೈಗೆ ಕೊಡುತ್ತೇನೆ, ಒಂದು ಕೋಣೆ ಮಾಡಿಕೊಳ್ಳಲೇ ಎಂದು ಕೇಳಿದೆ. "ಮಾಫಿ ಮುಷ್ಕಿಲ್", ಏನೂ ತೊಂದರೆಯಿಲ್ಲ ಎಂದು ನಕ್ಕ. ಅಲ್ಲಿಗೆ ಮಗಳ ಪಕ್ಕವೂ ಆಯಿತು, ಮಗಳ ಮನೆಯಲ್ಲದ್ದೂ ಆಯಿತು. ಆ ರಾತ್ರಿ ನಾನು ನನ್ನ ಬುದ್ಧಿಗೆ ನಾನೇ ಮೆಚ್ಚಿ ಮಲಗಿದೆ.

ಭಾಯಿ, ಆ ಕೆಲಸ ನೀವು ನೋಡಬೇಕಿತ್ತು. ಕಾರು ತೊಳೆದ ನೀರು ಹೋಗಲೆಂದು ನೆಲ ಗೇಟಿನ ಕಡೆಗೆ ಇಳಿಜಾರಾಗಿತ್ತು, ಕಾಂಕ್ರೀಟು ಹಾಕಿ ಮಟ್ಟ ಮಾಡಿ ಟೈಲ್ಸ್ ಕೂರಿಸಿದೆ. ಶಟರ್ ಕಿತ್ತು ಗೋಡೆ ಕಟ್ಟಿ, ರಸ್ತೆಯ ಕಡೆಗೆ ಬಾಗಿಲು, ಕಿಟಕಿ ಇಟ್ಟೆ. ತಗಡಿನ ಮಾಡಿನ ಕೆಳಗೆ ಬಿಸಿಲು ಚಳಿ ತಡೆಯುವ ರಾಕ್‌ವೂಲ್, ಅದರ ಕೆಳಗೆ ಜಿಪ್ಸಮ್ ಬೋರ್ಡು. ಬೇಸಿಗೆಗೆ ಒಂದು ಎ.ಸಿ., ಚಳಿಗಾಲಕ್ಕೆ ಎಣ್ಣೆ ತುಂಬಿದ ಹೀಟರು. ಕತಾರಿನಲ್ಲಿ ಹೀಟರ್ ಕೊಂಡೆ ಎಂದರೆ ಊರಿನವರು ನಗುತ್ತಾರೆ. ಜನವರಿಯ ಆ ಬಡಗಣ ಗಾಳಿಯಲ್ಲಿ ರಗ್ಗಿನೊಳಗೂ ನಡುಗಿದವರು ನಾವು, ನಮಗೆ ಗೊತ್ತು. ಗಂಗವ್ವನ ಕೀಲುಗಳಿಗೆ ತಣ್ಣನೆಯ ನೆಲ ಆಗುವುದಿಲ್ಲ. ಅದಕ್ಕೆ ಅವಳ ಮಂಚದ ಪಕ್ಕದ ಗೋಡೆಗೆ ಎರಡು ಪದರ ಇನ್ಸುಲೇಷನ್ ಹಾಕಿದೆ. ಮೂಲೆಯಲ್ಲಿ ಒಂದು ಕಟ್ಟೆ, ಗ್ಯಾಸ್ ಒಲೆ, ಸಿಂಕು. ನಮ್ಮ ಅನ್ನ ನಾವೇ ಬೇಯಿಸಿಕೊಳ್ಳಬೇಕಲ್ಲ.

ಇನ್ನು ಒಂದು ಉಳಿದಿತ್ತು. ಶೆಡ್ಡಿನಿಂದ ಮಗಳ ಅಡುಗೆಮನೆಗೆ ನೇರವಾಗಿ ಒಂದು ಬಾಗಿಲಿತ್ತು. ಅದನ್ನು ತೆಗೆದು ಬ್ಲಾಕು ಕಟ್ಟಿ ಮುಚ್ಚಲು ಹೊರಟೆ. ಸೀಮಾ ತಡೆದಳು: "ಅಪ್ಪಾ, ಬಾಗಿಲಾ ಮುಚ್ಚಬ್ಯಾಡ. ಮುಚ್ಚಿದ್ರ ಇದಕ್ಕ ಬ್ಯಾರೆ ಮನಿ ಅಂತಾರ, ಪಾರ್ಟಿಶನ್ ಅಂತಾರ. ಇಲ್ಲೆ ಒಂದ ವಿಲ್ಲಾ ಒಡದು ಎರಡ ಮನಿ ಮಾಡಾಕ ಕಾನೂನಿಲ್ಲ." ಬ್ಯಾರೆ ಮನಿ ಅನ್ನಲಿ ಅಂತಲೇ ನಾನು ಮುಚ್ಚುತ್ತಿರುವುದು ಎಂದೆ. ಬಾಗಿಲಿದ್ದರೆ ಅವಳು ಸಾರಿನ ಪಾತ್ರೆ ಹಿಡಿದು ಬರುತ್ತಾಳೆ, ಗಂಗವ್ವ ರೊಟ್ಟಿ ತಿನ್ನಲು ಹೋಗುತ್ತಾಳೆ, ನಾಲ್ಕು ದಿನಕ್ಕೆ ಎರಡೂ ಒಂದೇ ಮನೆಯಾಗುತ್ತದೆ. ಎಂಜಿನಿಯರ್ ಮಗಳು ನನ್ನನ್ನು ಒಳಗೆಳೆಯಲು ಕಾನೂನಿನ ನೆಪ ತೆಗೆದಿದ್ದಾಳೆ ಎಂದುಕೊಂಡೆ. ನವೆಂಬರಿನಲ್ಲಿ ಕಟ್ಟಿಬಿಟ್ಟೆ.

ನಂತರದ ಎರಡು ತಿಂಗಳು ನಾವಿದ್ದೆವು ಅಷ್ಟೇ. ಕೋಣೆ ಬೆಚ್ಚಗಿತ್ತು. ಆದರೆ ನನ್ನ ಇನ್ಸುಲೇಷನ್ ಎಷ್ಟು ಅಚ್ಚುಕಟ್ಟೆಂದರೆ ಆ ಕಡೆ ಮಿಕ್ಸಿ ತಿರುಗಿದರೂ ಈ ಕಡೆ ಸದ್ದಿಲ್ಲ. ಗಂಗವ್ವ ಗೋಡೆಗೆ ಕಿವಿಯಿಟ್ಟು, "ಸೀಮಾ ಬಂದ್ಲೇನ್ರಿ?" ಎಂದು ಕೇಳುವಳು. ನಾನು ರಸ್ತೆಗೆ ಹೋಗಿ ಕಾರು ಬಂದಿದೆಯೇ ನೋಡಿ ಬಂದು ಹೇಳಬೇಕು. ಸಂಕ್ರಾಂತಿಯ ದಿನ ಸೀಮಾ ಶೇಂಗಾ ಹೋಳಿಗೆ ಮಾಡಿ, ತಟ್ಟೆಗೆ ಬಟ್ಟೆ ಮುಚ್ಚಿ, ತನ್ನ ಗೇಟು ದಾಟಿ, ಗಾಳಿಯಲ್ಲಿ ಸೆರಗು ಹಿಡಿದುಕೊಂಡು ಸುತ್ತು ಹಾಕಿ ನಮ್ಮ ಬಾಗಿಲಿಗೆ ಬಂದಳು. ಒಳಗಿಟ್ಟು ಹೋದಳು. ನಾನು ಆ ಹೋಳಿಗೆಯನ್ನು ಎದುರು ಮನೆಯ ಮಲಯಾಳಿ ಮಕ್ಕಳಿಗೆ ಕೊಟ್ಟು ಬಂದೆ. ಗಂಗವ್ವ ಅಂದು ಊಟವನ್ನೇ ಮಾಡಲಿಲ್ಲ. ಹಸಿವಿಲ್ಲ ಎಂದಳು. ನಾನು ನಂಬಿದಂತೆ ಮಾಡಿದೆ.

ಜನವರಿ ಕೊನೆಯ ವಾರ ಮುನಿಸಿಪಾಲಿಟಿಯವರು ತಪಾಸಣೆಗೆ ಬಂದರು. ಇಬ್ಬರು, ಒಬ್ಬ ಇನ್ನೂ ಚಿಕ್ಕ ವಯಸ್ಸಿನ ಆಫೀಸರು, ಬಹಳ ಮರ್ಯಾದೆಯವನು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಮಗಳು ಅಳಿಯ ಕೆಲಸಕ್ಕೆ ಹೋಗಿದ್ದರು. ನಾನೇ ನಮ್ಮ ಕ್ಯಾಂಪಿನ ಅರ್ಧ ಹಿಂದಿ ಅರ್ಧ ಅರಬಿಯಲ್ಲಿ ಮಾತಾಡಿದೆ. ಆ ಮನೆಗೆ ಹೋಗುವ ಬಾಗಿಲು ಎಲ್ಲಿ ಎಂದು ಕೇಳಿದ. ಭಾಯಿ, ನನಗೆ ಎಂಥ ಹೆಮ್ಮೆ ಅಂತೀರಿ! ಗೋಡೆಯನ್ನು ಬಡಿದು ತೋರಿಸಿದೆ. ಬಾಗಿಲಿಲ್ಲ ಸಾಬ್, ನಾನೇ ಮುಚ್ಚಿದೆ. ಅದು ಮಗಳ ಮನೆ, ಇದು ನನ್ನ ಮನೆ. ಒಲೆ ಬೇರೆ, ಬಾಡಿಗೆ ಬೇರೆ, ಒಂದು ಲೋಟ ನೀರು ಕೂಡ ನಾನು ಅವರದು ಕುಡಿಯುವುದಿಲ್ಲ ಎಂದೆ. ಮಗಳ ಹಂಗಿನಲ್ಲಿಲ್ಲದ ಮುದುಕನೆಂದು ಅವನು ಗೌರವ ಕೊಡುತ್ತಾನೆ ಅಂದುಕೊಂಡೆ. ಅವನು ನನ್ನ ಮುಖ ನೋಡಿ, "ಅಂಕಲ್, ಬಾಗಿಲಿದ್ದಿದ್ದರೆ ಇದು ಆ ಮನೆಯ ಒಂದು ರೂಮು ಎಂದು ಬರೆದುಕೊಳ್ಳುತ್ತಿದ್ದೆ" ಎಂದ. ಅವನ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು. ನಾನು ಹೇಳಿದ ಮಾತೇ ಅವನ ಕಾಗದದಲ್ಲಿ ಹೋಯಿತು.

ಒಂದು ಗಂಟೆಯಲ್ಲಿ ಗೋಡೆ ಒಡೆಯುತ್ತೇನೆ ಎಂದೆ. ಸುತ್ತಿಗೆ ತಂದೂ ನಿಂತೆ. ಬರೆದದ್ದು ಬರೆದಾಯಿತು. ಮರುದಿನ ಮಾಲೀಕನಿಗೆ ನೋಟಿಸ್. ಮುದುಕ ನನ್ನ ಭುಜದ ಮೇಲೆ ಕೈಯಿಟ್ಟು, "ಖಲಾಸ್, ಶಿವಾ, ಖಲಾಸ್" ಎಂದ. ಈ ತಿಂಗಳ ಕೊನೆಯೊಳಗೆ ಒಲೆ, ಸಿಂಕು, ಗೋಡೆ ಎಲ್ಲ ತೆಗೆದು ಮೊದಲಿನ ಹಾಗೆ ಶೆಡ್ಡು ಮಾಡಿಕೊಡಬೇಕು. ನಾಲ್ಕು ದಿನದ ಹಿಂದೆ ಮಾಡಿನ ರಾಕ್‌ವೂಲ್ ಕೀಳಲು ಶುರು ಮಾಡಿದೆ. ನಾನೇ ಹಾಕಿದ್ದು, ನಾನೇ ಕೀಳಬೇಕು. ಗಂಗವ್ವ ಎರಡು ರಗ್ಗು ಹೊದ್ದು ಮಂಚದ ಮೇಲೆ ಕೂತು ನೋಡುತ್ತಾಳೆ. ಕೆಮ್ಮು ಹತ್ತಿದೆ.

ಶೆಡ್ಡು ಹೋದರೇನು, ಮೇಲಿನ ಕೋಣೆ ಇದೆಯಲ್ಲ ಎಂದು ನೀವು ಕೇಳುತ್ತೀರಿ. ನಾನೂ ಅದನ್ನೇ ಕಾದೆ. ಈ ಸಲ ಸೀಮಾ ಕರೆಯಲಿಲ್ಲ. ಗಂಗವ್ವನ ಕೆಮ್ಮು ಕೇಳಿ ಕೇಳಿ ನನ್ನ ಹಟವೆಲ್ಲ ಕರಗಿತು. ಮೊನ್ನೆ ನಾನೇ ಸೀಮಾಳ ಗೇಟಿಗೆ ಹೋಗಿ ನಿಂತು, "ಆ ಮ್ಯಾಲಿನ ಖೋಲಿ…" ಎಂದೆ. "ಅಲ್ಲೆ ಸಾಮಾನ ಇಟ್ಟೀವಪ್ಪಾ" ಎಂದಳು. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ, ಅಪ್ಪ ಮಗಳ ಜಗಳ ಅಷ್ಟಕ್ಕೇ ಮುಗಿಯುತ್ತಿತ್ತು. ಒಳಗಿನಿಂದ ಒಂದು ಕವರು ತಂದು ಕೊಟ್ಟಳು. ಇಪ್ಪತ್ತೊಂದನೆಯ ತಾರೀಕಿನ ಎರಡು ಟಿಕೆಟ್ಟು. ಬಾಗಲಕೋಟೆಯ ನವನಗರದಲ್ಲಿ ಗಂಗವ್ವನ ತಮ್ಮನ ಮನೆಯ ಹತ್ತಿರ ಒಂದು ಬಾಡಿಗೆ ಕೋಣೆಯನ್ನೂ ಗೊತ್ತು ಮಾಡಿದ್ದಾಳೆ, ಅವ್ವನ ಔಷಧಿಗಳ ಪಟ್ಟಿ ಬರೆದಿಟ್ಟಿದ್ದಾಳೆ. ಎಲ್ಲ ಬಹಳ ಅಚ್ಚುಕಟ್ಟು, ನನ್ನ ಮಗಳೇ ತಾನೆ. ಗಂಗವ್ವ ಇನ್ನೊಮ್ಮೆ ಇಲ್ಲಿಗೆ ಬರುವ ಸ್ಥಿತಿಯಲ್ಲಿಲ್ಲ. ಅದು ಮೂವರಿಗೂ ಗೊತ್ತು.

ನನ್ನ ಗೋಳು ಹೆಚ್ಚಾಯಿತು, ನಿಲ್ಲಿಸುತ್ತೇನೆ. ರಂಜಾನ್ ಹತ್ತಿರ ಬಂತು, ನಿಮ್ಮ ಉಪವಾಸಗಳು ಸುಖವಾಗಿ ಸಾಗಲಿ. ಫಾಹಿಮಾಳಿಗೆ, ಅಝರ್‌ಗೆ ನನ್ನ ಆಶೀರ್ವಾದ. ನಹ್ಲಾಳ ತಲೆ ಸವರಿ ಈ ಮುದುಕನ ಹೆಸರು ಹೇಳಿ. ದೇವರು ನಿಮ್ಮ ಮನೆಯನ್ನು ತುಂಬಿದ ಮನೆಯಾಗಿಯೇ ಇಟ್ಟಿರಲಿ.

ನಿಮ್ಮ
ಶಿವಪ್ಪ

ತಾ.ಕ.: ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ನಮ್ಮ ಪದ್ಧತಿಯನ್ನು ನಿಮಗೆ ಅರ್ಧವಷ್ಟೇ ಹೇಳಿದೆ. ಮಗಳ ಮನೆಯಲ್ಲಿ ಉಣ್ಣಬಾರದೆನ್ನುವುದು ಜನ್ಮಪೂರ್ತಿ ಅಲ್ಲ, ಅವಳಿಗೆ ಒಂದು ಮಗು ಆಗುವವರೆಗೆ. ಸೀಮಾಳಿಗೆ ಮದುವೆಯಾಗಿ ಒಂಬತ್ತು ವರ್ಷ. ನವೆಂಬರಿನಲ್ಲಿ ನಾನು ಆ ಬಾಗಿಲಿಗೆ ಬ್ಲಾಕು ಕಟ್ಟುತ್ತಿದ್ದ ಮಧ್ಯಾಹ್ನ ಅವಳು ಕೆಲಸದಿಂದ ಬೇಗ ಬಂದಳು. ಗೋಡೆ ಎದೆಯ ಮಟ್ಟಕ್ಕೆ ಬಂದಿತ್ತು. ಆ ಕಡೆ ಅಡುಗೆಮನೆಯಲ್ಲಿ ನಿಂತು, "ಅಪ್ಪಾ, ಡಾಕ್ಟರ್ ಇವತ್ತ ಹೇಳಿದ್ರು. ನನಗ ಇನ್ನ ಮಕ್ಕಳಾಗೂದಿಲ್ಲಂತ. ಹಂಗಾರ ನೀ ನನ್ನ ಮನ್ಯಾಗ ಎಂದೂ ಉಣ್ಣೂದಿಲ್ಲೇನು?" ಎಂದಳು. "ಸಿಮೆಂಟ ಒಣಗತದ, ಹಿಂದ ಸರಿ" ಎಂದು ಮುಂದಿನ ಬ್ಲಾಕನ್ನು ಅವಳ ಮುಖದ ಎದುರಿಗೇ ಇಟ್ಟೆ. ಗಂಗವ್ವನಿಗೆ ಇದು ಗೊತ್ತಿಲ್ಲ. ಸೀಮಾ ಒಳಗ ಯಾಕ ಕರೀವಲ್ಲಳು ಎಂದು ದಿನಾ ನನ್ನನ್ನೇ ಕೇಳುತ್ತಾಳೆ.