ಇಬ್ಬರೇ ಇರುವ ಫೋಟೋ

ಪಲ್ಲವಿ,

ನೀನು ಕಾಲೇಜಿನಿಂದ ಬರುವಷ್ಟರಲ್ಲಿ ನಾನೂ ನಿಮ್ಮಣ್ಣನೂ ಸಿಂದಗಿಯ ಸ್ಟುಡಿಯೋದಲ್ಲಿರುತ್ತೇವೆ. ಅತ್ತೆ ಕೇಳಿದರೆ ದವಾಖಾನೆಗೆ ಹೋಗಿದ್ದಾರೆ ಎನ್ನು. ಯಾರಿಗೆ ಏನಾಗಿದೆ ಎಂಬುದನ್ನು ನೀನೇ ಯೋಚಿಸು.

ವೀಸಾ ಕಚೇರಿಯವರು ಅರ್ಜಿಯ ಜೊತೆಗೆ ಗಂಡ ಹೆಂಡತಿ ಒಟ್ಟಿಗಿರುವ ಫೋಟೋ ಕೇಳಿದ್ದಾರೆ. ಮದುವೆಯ ಆಲ್ಬಮ್ ಪೂರ್ತಿ ತಿರುವಿ ಹಾಕಿದೆ. ಅಕ್ಷತೆಯ ಫೋಟೋದಲ್ಲಿ ಬಾಸಿಂಗದ ಹಿಂದೆ ನಮ್ಮ ಮುಖಗಳೇ ಕಾಣುವುದಿಲ್ಲ. ಉಳಿದ ಎಲ್ಲದರಲ್ಲೂ ನಡುವೆ ಅತ್ತೆ ನಿಂತಿದ್ದಾರೆ. ಗುರುವಾರ ನಿಮ್ಮಣ್ಣನ ರಜೆ ಮುಗಿಯುತ್ತದೆ. ಅವರು ಇಂಗ್ಲೆಂಡಿಗೆ ಹೋದ ಮೇಲೆ ನಾನು ಯಾರ ಪಕ್ಕ ನಿಂತು ಫೋಟೋ ತೆಗೆಸಲಿ?

ಹಾಲು ಕಾಯಿಸಿದ್ದೇನೆ. ಬೆಕ್ಕು ಬರುತ್ತದೆ, ಮುಚ್ಚಿಡು.

ಇಷ್ಟು ಬರೆಯುವಷ್ಟರಲ್ಲಿ ಅತ್ತೆ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು ಹೊರಬಂದರು. "ನಡೀರಿ, ಬಸ್ ತಪ್ಪತೈತಿ" ಎಂದರು. ನಿಮ್ಮಣ್ಣ ಧೈರ್ಯ ಮಾಡಿ, "ಅವ್ವಾ, ಈ ಫೋಟೋದಾಗ ನಾವಿಬ್ರೇ ಇರಬೇಕಂತ" ಎಂದರು.

"ಗೊತ್ತೈತಿ. ನಾ ನಿಲ್ಲಾಕ ಬರಾಕತ್ತಿಲ್ಲ, ನಿಮ್ಮನ್ನ ನಿಲ್ಲಸಾಕ ಬರಾಕತ್ತೇನಿ. ಗುರ್ತಿಲ್ಲದವರು ಬಸ್ಸಿಗೆ ನಿಂತಂಗ ನಿಲ್ತೀರಿ. ನಡುವ ಎತ್ತಿನ ಗಾಡಿ ಹೋಗುವಷ್ಟ ಜಾಗಾ. ಅದನ್ನ ತುಂಬಾಕ ಇಷ್ಟ ದಿನ ನಾ ನಿಲ್ತಿದ್ದೆ."

ಸಂಜೆಯ ಅನ್ನಕ್ಕೆ ನೀನೇ ಇಡು. ಅಕ್ಷರ ಸೊಟ್ಟಗಾಗಿದ್ದರೆ ಬೇಸರಪಡಬೇಡ. ಅತ್ತೆ ಬಾಗಿಲಲ್ಲೇ ಅಭ್ಯಾಸ ಶುರು ಮಾಡಿಸಿದ್ದಾರೆ, ನಿಮ್ಮಣ್ಣನ ಭುಜ ನನ್ನ ಬರೆಯುವ ಕೈಗೆ ತಾಗುತ್ತಿದೆ.

ನಿನ್ನ ವೈನಿ