ನಮ್ಮಕ್ಕನ ತೂಕವನ್ನು ನೀವೇ ಬರೆದುಕೊಡಿ

ಕಡತ ಕಾಯುವ ಆಸ್ಪತ್ರೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಡಯಾಲಿಸಿಸ್ ರೋಗಿ ಪರವೂರಿಗೆ ಹೋಗುವಾಗ ತನ್ನ ಚಿಕಿತ್ಸೆಯ ವಿವರ ಒಯ್ಯಬಾರದೆಂಬ ನಿಮ್ಮ ನಿಯಮದಿಂದ ನಮ್ಮಕ್ಕ ಸಾಯುವುದೊಂದೇ ಬಾಕಿ ಇತ್ತು. ಕಡತ ಮಾತ್ರ ನಿಮ್ಮ ಕಪಾಟಿನಲ್ಲಿ ಸುಖವಾಗಿದೆ. ಅದಕ್ಕಾಗಿ ಅಭಿನಂದನೆಗಳು.

ಅಕ್ಕ ರೇವವ್ವ ಲಚ್ಯಾಣದವಳು. ಎರಡು ವರ್ಷಗಳಿಂದ ವಾರಕ್ಕೆರಡು ಸಲ ಬಸ್ಸು ಹತ್ತಿ ನಿಮ್ಮಲ್ಲಿಗೆ ಬರುತ್ತಾಳೆ. ಕಳೆದ ಮಾರ್ಚಿನಲ್ಲಿ ಮಗಳು ಭಾಗ್ಯಾ ಹುಬ್ಬಳ್ಳಿಯಲ್ಲಿ ಹೆಣ್ಣು ಹಡೆದಳು. ತವರಿಗೆ ಬರಬೇಕಾದವಳು ತಾಯಿಯ ಸ್ಥಿತಿ ನೋಡಿ ಗಂಡನ ಮನೆಯಲ್ಲೇ ಉಳಿದಿದ್ದಳು. ಹಾಗಾಗಿ ತೊಟ್ಟಿಲ ಕಾರ್ಯಕ್ಕೆ ಅಕ್ಕನೇ ಹೋಗುವುದೆಂದಾಯಿತು. ಎಂಟು ದಿನದ ಪ್ರಯಾಣ, ನಡುವೆ ಎರಡು ಸಲ ಅಲ್ಲೇ ಡಯಾಲಿಸಿಸ್. ಅಲ್ಲಿಯ ಆಸ್ಪತ್ರೆಯವರು ಒಪ್ಪಿ, ಹಳೆಯ ವಿವರ ತನ್ನಿ, ಮುಖ್ಯವಾಗಿ ನೀರು ತೆಗೆದ ಮೇಲಿನ ತೂಕ ಬರೆಸಿ ತನ್ನಿ ಎಂದರು. ಎಷ್ಟು ನೀರು ತೆಗೆಯಬೇಕೆಂಬುದು ಆ ತೂಕದ ಮೇಲೆ ನಿಂತಿದೆಯಂತೆ.

ನಿಮ್ಮ ಕಚೇರಿಯೆದುರು ನಾನು ಮೂರು ದಿನ ನಿಂತೆ. ಮೂಲ ಕಡತ ಹೊರಗೆ ಹೋಗುವಂತಿಲ್ಲ, ನಕಲಿಗೆ ನಿಮ್ಮ ಸಹಿ ಬೇಕು, ನೀವೋ ಸಭೆಯಲ್ಲಿದ್ದಿರಿ. ಕೊನೆಗೆ ದಯಪಾಲಿಸಿದ ಕಾಗದದಲ್ಲಿ ‘ಈ ರೋಗಿ ಪ್ರಯಾಣಕ್ಕೆ ಯೋಗ್ಯಳು’ ಎಂಬ ಒಂದೇ ಸಾಲು, ಅದಕ್ಕೆ ಮೊಹರಿನ ಎರಡು ಶಿಕ್ಕಾ. ತೂಕವೆಲ್ಲಿ ಎಂದು ಕೇಳಿದೆ.

“ತೂಕ ಏನ್ ದೊಡ್ಡ ಮಾತ್ರಿ? ಊರಾಗ ಎಲ್ಲೆರ ತೂಗಿಸ್ಕೊಂಡು ಹೋಗ್ರಿ,” ಎಂದರು ನಿಮ್ಮ ಗುಮಾಸ್ತರು.

ಇಲ್ಲಿಂದ ಮುಂದಿನ ತಪ್ಪು ನನ್ನದು. ಇಂಡಿ ಪೇಟೆಯ ಅಡತಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಾಳು ತೂಗುವವನು ನಾನು. ಅಂದೇ ಚಿಕಿತ್ಸೆ ಮುಗಿಸಿ ಬಂದ ಅಕ್ಕನನ್ನು ನಮ್ಮ ತಕ್ಕಡಿಯ ಮೇಲೆ ನಿಲ್ಲಿಸಿ ಚೀಟಿ ಬರೆದೆ. ತೂಗಿದ್ದು ನಲವತ್ತೆಂಟು ಕಿಲೋ, ಬರೆದದ್ದು ನಲವತ್ತಾರು. ಚೀಲ, ಕಸಕಡ್ಡಿಯ ಬಾಬ್ತು ಎರಡು ಕಿಲೋ ಕಳೆದು ಬರೆಯುವುದು ನಮ್ಮ ಅಂಗಡಿಯ ವಾಡಿಕೆ. ಕೈ ತನ್ನ ಪಾಡಿಗೆ ತಾನು ಕಳೆದುಬಿಟ್ಟಿತ್ತು.

ಹುಬ್ಬಳ್ಳಿಯ ವೈದ್ಯರು ನಿಮ್ಮ ಶಿಕ್ಕಾಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೇರೆ ಗತಿಯಿಲ್ಲದೆ ನನ್ನ ಚೀಟಿ ನಂಬಿದರು. ಮೈಯಲ್ಲಿ ಹೆಚ್ಚಿಲ್ಲದ ಎರಡು ಲೀಟರ್ ನೀರನ್ನು ಯಂತ್ರ ಎಳೆಯತೊಡಗಿತು. ಅಕ್ಕನ ಕಾಲು ಸೆಟೆದವು, ರಕ್ತದೊತ್ತಡ ಕುಸಿದು ಎಚ್ಚರ ತಪ್ಪಿತು. ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಅವಳ ಮೂಗಿಗೆ ನಳಿಕೆ ಹಾಕಿದ್ದರು. ನಾನು ಹೊರಗೆ ಕುಳಿತು ಅತ್ತೆ.

ಮರುದಿನ ಅಕ್ಕ ಕಣ್ಣುಬಿಟ್ಟು, “ಧರೆಪ್ಪಾ, ನಾ ನಿನಗ ತೊಗರಿ ಚೀಲ ಕಂಡ್ನೇನೋ?” ಎಂದು ನಕ್ಕಳು. ಆಮೇಲೆ, “ಇನ್ನ ಊರು ಬಿಟ್ಟು ನಾ ಎಲ್ಲೂ ಬರಂಗಿಲ್ಲಪಾ,” ಎಂದಳು. ಆಗ ನಗಲಿಲ್ಲ.

ಮಾನ್ಯರೇ, ಲಚ್ಯಾಣದ ರೇವವ್ವನ ತೂಕ ಯಾವ ದೇಶದ ಗುಟ್ಟು? ಅದು ಹೊರಬಿದ್ದರೆ ಗಡಿ ಅಲುಗಾಡುವುದೇ? ರಕ್ತ ಅವಳದು, ನೋವು ಅವಳದು, ವಿವರ ಮಾತ್ರ ನಿಮ್ಮದು ಹೇಗಾಯಿತು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಿಂದ ನಿಮ್ಮಲ್ಲಿಗೆ ಬರುವವರಿಗೂ ಮದುವೆ, ಮಣ್ಣು, ಬಾಣಂತನಗಳಿವೆ. ಯಂತ್ರ ಬೇಕಾಯಿತೆಂದು ನೆಂಟಸ್ತಿಕೆ ಬಿಡಲಾಗುತ್ತದೆಯೇ?

ಪ್ರತಿ ರೋಗಿಯ ಕೈಗೂ ಒಂದು ಪುಸ್ತಕ ಕೊಡಿ. ಪ್ರತಿ ಸಲದ ತೂಕ, ರಕ್ತದ ವರದಿ, ಔಷಧಿ ಅದರಲ್ಲಿ ಬರೆಯಿರಿ. ಹೋಗುವ ಊರಿನ ಆಸ್ಪತ್ರೆಗೆ ಮೊದಲೇ ಒಂದು ಫೋನು ಮಾಡಿ ಹೇಳಿ. ಬರುವ ಹದಿನೆಂಟಕ್ಕೆ ಮೊಮ್ಮಗಳ ಜಾವಳವಿದೆ. ಊರು ಬಿಡಲು ಒಲ್ಲೆನೆನ್ನುವ ಅಕ್ಕ, ಕೂಸಿನ ಬೋಳಿಸಿದ ತಲೆಗೆಂದು ಕುಲಾವಿ ಹೊಲಿದು ಟ್ರಂಕಿನಲ್ಲಿ ಮುಚ್ಚಿಟ್ಟಿದ್ದಾಳೆ. ಅದನ್ನು ಅವಳೇ ಕೈಯಾರೆ ತೊಡಿಸಬೇಕು.

ಇಂತಿ,
ತಪ್ಪು ಮಾಡಿದ ಇಬ್ಬರಲ್ಲಿ ಒಪ್ಪಿಕೊಂಡವನು,
ಧರೆಪ್ಪ
ಇಂಡಿ, ಡಿಸೆಂಬರ್ ೨೦೦೭