ಹಸೆಗೆ ಕರೆಯುವ ಪದ

ಹುಂಚ, ೧೨-೪-೧೯೬೭

ಸಾಗರದ ಹೊಸ ಮೇಷ್ಟ್ರಿಗೆ ಕೆರಿಯಮ್ಮನ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಆರು ವರ್ಷದ ಹಿಂದೆ ಹಳೇ ಮೇಷ್ಟ್ರು ಟೇಪಿನಲ್ಲಿ ಹಿಡಿದಿದ್ದ ನನ್ನ ಅಕ್ಕ ಯಮುನಮ್ಮನ ಮದುವೆ ಪದಗಳು ಪೆಟ್ಟಿಗೆಯಲ್ಲಿ ಸಿಕ್ಕಿದವೆಂದು ಬರೆದಿದ್ದೀರಿ. ವಾದ್ಯವಿಲ್ಲದ ಬರಿಯ ದನಿ ನಿಮಗೆ ಹಿಡಿಸಿತಂತೆ. ಪ್ರತಿ ಸಾಲಾದ ಮೇಲೆ ದನಿ ನಿಂತುಹೋಗುತ್ತದೆ, ಯಂತ್ರ ಕೆಟ್ಟಿತ್ತೇ ಎಂದು ಕೇಳಿದ್ದೀರಿ.

ಯಂತ್ರ ಸರಿಯಾಗಿಯೇ ಇತ್ತು. ನಮ್ಮಲ್ಲಿ ಒಬ್ಬಳು ಹೇಳಿದ ಸಾಲನ್ನು ಜೊತೆಯವಳು ತಿರುಗಿ ಹೇಳಬೇಕು. ಅಕ್ಕನ ಜೊತೆಯವಳು ನಾನು. ಅಂದೂ ಪಕ್ಕದಲ್ಲೇ ಕೂತಿದ್ದೆ. ಆದರೆ ಭಾವ ತೀರಿಕೊಂಡು ಮೂರು ತಿಂಗಳಾಗಿತ್ತು. ಗಂಡ ಸತ್ತವಳು ಹೇಳುವ ಮದುವೆ ಪದಕ್ಕೆ ಮುತ್ತೈದೆ ದನಿಗೂಡಿಸಬಾರದೆಂದು ನಾನು ಬಾಯಿ ಬಿಡಲಿಲ್ಲ. ಟೇಪಿನ ಕೊನೆಯಲ್ಲಿ ಕೇಳುವ ಅಕ್ಕನ ಮಾತು ಪದದ್ದಲ್ಲ. "ನೀನೂ ಹೇಳೇ ಕೆರಿಯಾ, ನಂಗೊಬ್ಳಿಗೇ ಉಸ್ರು ಸಾಲ್ದು" ಅಂದಿದ್ದಳು. ಆಮೇಲೆ ಅವಳು ಯಾವ ಪದವನ್ನೂ ಹೇಳಿಲ್ಲ.

ನಿಮ್ಮಿಂದ ಒಂದು ಉಪಕಾರವಾಗಬೇಕು. ಬರುವ ತಿಂಗಳು ನನ್ನ ಮಗಳ ಮದುವೆ. ಮದುಮಗಳನ್ನು ಹಸೆಗೆ ಕರೆಯುವ ಪದದಲ್ಲಿ ನಡುವಿನ ಸಾಲುಗಳು ನನಗೆ ಮರೆತುಹೋಗಿವೆ. ಟೇಪು ಕೇಳಿ, ಅಷ್ಟನ್ನು ಬರೆದು ಕಳಿಸಿ. ಮದುವೆಗೆ ನೀವೂ ಬನ್ನಿ. ಟೇಪು ಮಾತ್ರ ತರಬೇಡಿ, ಚಪ್ಪರದಲ್ಲಿ ಅಕ್ಕನ ದನಿ ಕೇಳಬಾರದು.

ಅಕ್ಕನನ್ನೇ ಕೇಳಬಹುದಲ್ಲ ಎನ್ನುತ್ತೀರಿ. ಇದನ್ನು ಬರೆಯುವಾಗ ಅವಳು ಹಿತ್ತಲಲ್ಲಿ ಮದುವೆಯ ಅಕ್ಕಿ ಕೇರುತ್ತಿದ್ದಾಳೆ. ಒಂದು ಸಾಲು ಕೇಳಿದರೆ ಸಾಕು, ಇಡೀ ಪದ ಹಾಡಿಬಿಡುತ್ತಾಳೆ.

ಅದಕ್ಕೇ ಕೇಳಿಲ್ಲ.

ಇಂತಿ,
ಕೆರಿಯಮ್ಮ